ಪುಕ್ಕಟೆ ಸೌದೆ: ಮರ ನೋಡಿ ಕೊಡಲಿ ಎತ್ತುವ ನನ್ನ ಅನುಭವ

ದುಡ್ಡು ಕೊಟ್ಟು ಸೌದೆ ತರುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಒಲೆಗೂ ನೀರು ಕಾಯಿಸುವುದಕ್ಕೂ ಬೇಕಾದಷ್ಟು ಕಟ್ಟಿಗೆ ಸುತ್ತಮುತ್ತ ಪುಕ್ಕಟೆಯಾಗಿಯೇ ಸಿಗುತ್ತದೆ. ಹಾಗಂತ ಸಿಕ್ಕಿದ್ದನ್ನೆಲ್ಲ ಹೊತ್ತು ತರುವುದಿಲ್ಲ. ಮರ ಯಾವುದು ಅಂತ ಮೊದಲು ನೋಡುತ್ತೇನೆ. ಒಂದೇ ದಪ್ಪದ ಎರಡು ಕೊರಡುಗಳಲ್ಲಿ ಒಂದು ನಾಲ್ಕು ಏಟಿಗೆ ಬಾಯಿ ಬಿಡುತ್ತದೆ, ಇನ್ನೊಂದು ಇಡೀ ಮಧ್ಯಾಹ್ನ ಕೊಡಲಿಗೆ ಜಗ್ಗುವುದಿಲ್ಲ. ಪುಕ್ಕಟೆ ಸೌದೆಗೆ ಬೆಲೆ ಕಟ್ಟುವುದು ರಟ್ಟೆಯೇ. ಯಾವ ಮರಕ್ಕೆ ಎಷ್ಟು ರಟ್ಟೆ ಖರ್ಚು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಎಲ್ಲಿ ಸಿಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಗಾಳಿ ಮಳೆ ಜೋರಾಗಿ ಬಂದ ಮರುದಿನ ಒಂದು ಸುತ್ತು ಹೋಗಿಬನ್ನಿ, ಸಾಕು. ತೋಟದಲ್ಲಿ ನೆರಳಿನ ಮರ ಸವರುವವರು, ಕರೆಂಟ್ ತಂತಿಗೆ ತಾಗುವ ಕೊಂಬೆ ಕಡಿಯುವವರು, ಮನೆ ಕಟ್ಟಲು ಜಾಗ ತೆರವು ಮಾಡುವವರು, ಇವರೆಲ್ಲರಿಗೂ ಬಿದ್ದ ಮರ ಸಾಗಿಸುವುದೇ ತಲೆನೋವು. ಸಾಮಿಲ್‌ನಲ್ಲಿ ದಿಮ್ಮಿಯ ಹೊರಮೈ ಹಲಗೆಗಳು ಉಳಿಯುತ್ತವೆ. ಬಡಗಿಗಳ ಹತ್ತಿರ ತುಂಡುಗಳು ರಾಶಿ ಬಿದ್ದಿರುತ್ತವೆ. ಆದರೆ ಕೇಳದೆ ಒಂದು ಪುಳ್ಳೆಯನ್ನೂ ನಾನು ಮುಟ್ಟುವುದಿಲ್ಲ. ರಸ್ತೆ ಬದಿಯಲ್ಲಿ ತಾನಾಗಿ ಉರುಳಿದ ಮರಕ್ಕೂ ಒಡೆಯ ಇರುತ್ತಾನೆ. ಕಾಡಿನ ಮರಕ್ಕಂತೂ ಕಾನೂನೇ ಬೇರೆ. ಒಪ್ಪಿಗೆ ಸಿಕ್ಕಿದ ಜಾಗದಲ್ಲಿ ಸೊಪ್ಪು, ಚಕ್ಕೆ ಎಲ್ಲ ಗುಡಿಸಿ ಬರುತ್ತೇನೆ. ಮುಂದಿನ ಸಲ ಮರ ಬಿದ್ದಾಗ ಅವರೇ ಫೋನ್ ಮಾಡುತ್ತಾರೆ.

ಮರದ ಜಾತಿ ಯಾಕೆ ಅಷ್ಟು ಮುಖ್ಯ? ಚೆನ್ನಾಗಿ ಒಣಗಿದ ಸೌದೆಯನ್ನು ತೂಕಕ್ಕೆ ತೂಕ ಇಟ್ಟರೆ ಯಾವ ಮರವಾದರೂ ಕೊಡುವ ಶಾಖ ಹೆಚ್ಚುಕಮ್ಮಿ ಒಂದೇ, ಕೆಜಿಗೆ ಸುಮಾರು 15 ಮೆಗಾಜೌಲ್. ವ್ಯತ್ಯಾಸ ಇರುವುದು ಗಟ್ಟಿತನದಲ್ಲಿ. ಹುಣಸೆಯ ಒಂದು ತೋಳು ಸೌದೆ ಬೂರುಗದ ಎರಡು ಮೂರು ತೋಳಿನಷ್ಟು ತೂಗುತ್ತದೆ. ಹೊರುವ ಸಲ, ಕೊಯ್ಯುವ ಸಲ, ಒಟ್ಟುವ ಜಾಗ ಎಲ್ಲ ಅದೇ ಲೆಕ್ಕದಲ್ಲಿ ಉಳಿಯುತ್ತದೆ. ಕೆಂಡ ನಿಲ್ಲುವುದೂ ಗಟ್ಟಿ ಮರದಲ್ಲಿಯೇ.

ಬಿದ್ದ ಮರ ಕೊಯ್ಯುವಾಗ ನಾನು ಗರಗಸ ಇಡುವ ಮೊದಲು ಮರದ ಸುತ್ತ ಒಂದು ಸಲ ನಡೆಯುತ್ತೇನೆ. ತಂತಿ ತಾಗಿದ್ದರೆ ಅದರ ಹತ್ತಿರವೂ ಸುಳಿಯುವುದಿಲ್ಲ. ತಂತಿಯ ಕೆಲಸ ಗೊತ್ತಿರುವವರು ಬಂದು ಕರೆಂಟ್ ತೆಗೆದು ಹೇಳಬೇಕು. ಆಮೇಲೆ ಮರ ಎಲ್ಲಿ ಬಿಗಿದಿದೆ, ಎಲ್ಲಿ ಅದುಮಿದೆ ಅಂತ ನೋಡಬೇಕು. ಎರಡೂ ತುದಿ ಆಸರೆಯ ಮೇಲೆ ಇದ್ದು ನಡುವೆ ಜೋತಿದ್ದರೆ ಮೇಲ್ಭಾಗ ಅದುಮಿರುತ್ತದೆ, ಕೆಳಭಾಗ ಬಿಗಿದಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಗರಗಸ ಕಚ್ಚಿಕೊಳ್ಳುತ್ತದೆ. ಹಾಗಾಗಿ ಮೇಲಿನಿಂದ ಮೂರರಲ್ಲಿ ಒಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಮುಗಿಸಬೇಕು. ಒಂದು ತುದಿ ಗಾಳಿಯಲ್ಲಿ ಚಾಚಿಕೊಂಡಿದ್ದರೆ ಇದು ತಿರುವುಮುರುವು. ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ಬಿಲ್ಲಿನ ಹಾಗೆ ಬಗ್ಗಿ ಸಿಕ್ಕಿಕೊಂಡ ಎಳೆಯ ಕೊಂಬೆ ಇವೆಲ್ಲಕ್ಕಿಂತ ಅಪಾಯ. ಬಿಟ್ಟ ಕೂಡಲೇ ಮುಖಕ್ಕೆ ಹೊಡೆಯುತ್ತದೆ. ಬೇರು ಸಮೇತ ಬಿದ್ದ ಮರದ ಕಾಂಡ ಕತ್ತರಿಸಿದಾಗ ಬೊಡ್ಡೆ ಎದ್ದು ಮತ್ತೆ ಗುಂಡಿಗೆ ಕೂರಬಹುದು. ಆ ಗುಂಡಿಯಲ್ಲಿ ಮನುಷ್ಯರು, ನಾಯಿ, ಮಕ್ಕಳು ಯಾರೂ ಇರಬಾರದು.

ಚೈನ್‌ಸಾ ಬಳಸುವವರು ಅದರ ಸರಪಳಿ ಸುತ್ತುವ ಪಟ್ಟಿಯ, ಅಂದರೆ ಬಾರ್‌ನ ತುದಿಯ ಮೇಲಿನ ಭಾಗವನ್ನು ಯಾವುದಕ್ಕೂ ತಾಗಿಸಬೇಡಿ. ತಾಗಿದರೆ ಇಡೀ ಯಂತ್ರ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಚಿಮ್ಮುತ್ತದೆ. ಕಣ್ಣಿಗೆ, ಕಿವಿಗೆ, ಕಾಲಿಗೆ ರಕ್ಷಣೆ ಇಲ್ಲದೆ ನಾನು ಅದನ್ನು ಶುರು ಮಾಡುವುದೇ ಇಲ್ಲ. ಸಣ್ಣ ಕೊಂಬೆಗೆ ಕೈಗರಗಸ, ಕತ್ತಿ ಸಾಕು.

ಇನ್ನು ಒಡೆಯುವ ಕೆಲಸ. ನನಗೆ ತುಂಬಾ ಇಷ್ಟವಾದದ್ದು ಇದೇ.

ಸರ್ವೆ ಮರ, ಅಂದರೆ ಗಾಳಿಮರ, ಸಿಕ್ಕಿದರೆ ಬೇರೆ ಯೋಚನೆ ಮಾಡದೆ ತೆಗೆದುಕೊಳ್ಳಿ. ಕಾಂಡ ನೇರ, ಎಳೆ ನೇರ, ಉರಿ ಜೋರು. ಸ್ವಲ್ಪ ಹಸಿ ಇದ್ದರೂ ಉರಿಯುವ ಮರ ಅದು. ಜಾಲಿಯೂ ಶಾಖದಲ್ಲಿ ಕಮ್ಮಿಯಿಲ್ಲ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಅದರ ಮುಳ್ಳು ಮಾತ್ರ ಚಪ್ಪಲಿ ತೂರಿ ಪಾದಕ್ಕೆ ಇಳಿಯುತ್ತದೆ. ಮೊದಲು ಉದ್ದ ಕೈಯ ಕತ್ತಿಯಲ್ಲಿ ಮುಳ್ಳಿನ ರೆಂಬೆ ಎಲ್ಲ ಸವರಿ, ಒಂದೇ ಕಡೆ ಎಳೆದು ಹಾಕಿ, ಬರೀ ಕಾಂಡ ಉಳಿದ ಮೇಲೆಯೇ ನಾನು ಗರಗಸ ತೆಗೆಯುವುದು.

ನೀಲಗಿರಿಯನ್ನು ಹಸಿಯಾಗಿದ್ದಾಗಲೇ ಒಡೆಯಬೇಕು. ಹಸಿ ತುಂಡು ಕೊಡಲಿ ತಾಗಿದ ಕೂಡಲೇ ಬಿರಿಯುತ್ತದೆ. ಅದೇ ತುಂಡು ಒಣಗಿದ ಮೇಲೆ ಕಲ್ಲಾಗುತ್ತದೆ. ಒಡೆಯುವ ಮೊದಲು ತುಂಡಿನ ಮೈ ನೋಡಿ. ತೊಗಟೆ ಸುಲಿದ ಮೇಲೆ ಎಳೆಗಳು ಸುತ್ತಿಕೊಂಡು ಏರುವುದು ಕಾಣುತ್ತದೆ. ಅಂಥ ಎಳೆ ತಿರುಚಿದ ಮರವನ್ನು ಗಿಡ್ಡ ತುಂಡು ಮಾಡಿದರೆ ಮಾತ್ರ ಕೆಲಸ ಸುಲಭ. ಸುಲಿದ ತೊಗಟೆ ಎಸೆಯಬೇಡಿ, ಒಣಗಿದರೆ ಒಲೆ ಹೊತ್ತಿಸಲು ಅದಕ್ಕಿಂತ ಒಳ್ಳೆಯದು ಇಲ್ಲ.

ಹುಣಸೆಯದು ಬೇರೆಯೇ ಗುಣ. ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನಟ್ಟನಡುವೆ ಕೊಡಲಿ ಹಾಕಿದರೆ ಅಲ್ಲೇ ಹೂತುಕೊಂಡು ಕೂರುತ್ತದೆ, ತುಂಡು ಒಂದಿಷ್ಟೂ ಅಲುಗುವುದಿಲ್ಲ. ನಾನು ಅಂಚಿನಿಂದ ಶುರು ಮಾಡುತ್ತೇನೆ. ತುದಿಯಲ್ಲಿ ಕಾಣುವ ಬಿರುಕು ಹುಡುಕಿ, ತೊಗಟೆಯಿಂದ ಮೂರು ಬೆರಳು ಒಳಗೆ ಕಬ್ಬಿಣದ ಬೆಣೆ ಇಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ಕೂರಿಸಿ, ಆಮೇಲೆ ಜೋರಾಗಿ ಬಡಿಯುವುದು. ಮೊದಲ ಏಟುಗಳಿಗೆ ಟಣ್ ಟಣ್ ಅನ್ನುತ್ತದೆ. ಆ ಸದ್ದು ಮಂದವಾಗಿ, ಒಳಗೆ ಚರ್ ಅಂತ ಕೇಳಿಸಿದರೆ ಎಳೆ ಹರಿಯಲು ಶುರುವಾಗಿದೆ ಅಂತ ಅರ್ಥ. ಆಗ ಅದೇ ಬಿರುಕಿನಲ್ಲಿ ಸ್ವಲ್ಪ ಮುಂದೆ ಎರಡನೇ ಬೆಣೆ. ಹಾಗೆ ಸುತ್ತಲೂ ಹಲಗೆ ಹಲಗೆಯಾಗಿ ಬಿಡಿಸುತ್ತ ಬಂದರೆ ಕೊನೆಗೆ ನಡುವಿನ ಕಪ್ಪು ಚೇಗು ಉಳಿಯುತ್ತದೆ. ಅದನ್ನು ಒಡೆಯಲು ಹೋಗುವುದಿಲ್ಲ, ಹಾಗೇ ಇಡುತ್ತೇನೆ. ದೊಡ್ಡ ಒಲೆಗೆ ಹಾಕಿದರೆ ಗಂಟೆಗಟ್ಟಲೆ ಕೆಂಡ ಇರುತ್ತದೆ. ಕವಲು ಒಡೆದ ಭಾಗ, ಗಂಟು ಇರುವ ಭಾಗಕ್ಕೂ ಇದೇ ಉಪಾಯ. ಬೆಣೆಯ ತಲೆ ಅಣಬೆಯಂತೆ ಅರಳಿದ್ದರೆ ಮೊದಲು ಅದನ್ನು ಉಜ್ಜಿ ಸರಿಮಾಡಿ. ಅಲ್ಲಿಂದ ಸಿಡಿಯುವ ಕಬ್ಬಿಣದ ಚೂರು ಕಣ್ಣು ತೆಗೆಯುತ್ತದೆ.

ಮಾವು ಒಡೆಯಲು ಸಾಧಾರಣ. ಅದಕ್ಕೆ ತಡ ಮಾಡಬಾರದು, ಅಷ್ಟೇ. ಮಳೆಗೆ ಬಿಟ್ಟರೆ ಬೂಸ್ಟು, ಕುಟ್ಟೆ ಹುಳು ಬೇಗ ಹಿಡಿಯುತ್ತದೆ. ಹಸಿ ಮಾವಿನ ಸೊನೆ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಹಲಸಿನ ಮೇಣ ಗರಗಸಕ್ಕೆ ಅಂಟುತ್ತದೆ, ಅಲಗಿಗೆ ಎಣ್ಣೆ ಸವರಿಕೊಂಡರೆ ಸರಿ. ಹಲಸಿನ ಹಳದಿ ಚೇಗು ನೇರವಾಗಿ ಸಿಕ್ಕಿದರೆ ಅದನ್ನು ಒಲೆಗೆ ಹಾಕಲು ನನಗೆ ಮನಸ್ಸೇ ಬರುವುದಿಲ್ಲ. ಬಡಗಿಗೆ ಕೊಟ್ಟು ಅವರ ಹತ್ತಿರ ಇರುವ ತುಂಡು ತರುತ್ತೇನೆ. ಸಿಲ್ವರ್ ಓಕ್ ನೇರವಾಗಿ ಸೀಳುತ್ತದೆ, ಬೇಗ ಒಣಗುತ್ತದೆ. ಬೂರುಗ, ಹಾಲುವಾಣ, ನುಗ್ಗೆ ಇವನ್ನು ಹೊತ್ತರೆ ಹೊತ್ತಷ್ಟೇ ಬಂತು. ಪುಳ್ಳೆಗೆ ಬೇಕಾದರೆ ನಾಲ್ಕು ಕೊಂಬೆ ಸಾಕು.

ಕೆಲವನ್ನು ಪುಕ್ಕಟೆ ಕೊಟ್ಟರೂ ಬೇಡ ಅನ್ನಬೇಕು. ಕಣಗಿಲೆ ಗಿಡ ಅಡಿಯಿಂದ ಮುಡಿಯವರೆಗೂ ವಿಷ, ಅದರ ಹೊಗೆಯೂ ಒಳ್ಳೆಯದಲ್ಲ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಗೇರು ಜಾತಿಯ ಕೆಲವು ಕಾಡುಮರಗಳ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಗುರುತು ಸಿಗದ ಮರವನ್ನು ತಿಳಿದವರಿಗೆ ತೋರಿಸದೆ ನಾನು ಕಡಿಯುವುದಿಲ್ಲ. ಬಣ್ಣ ಬಳಿದ ಮರ, ಪ್ಲೈವುಡ್, ಗೆದ್ದಲು ಬಾರದಂತೆ ಔಷಧಿ ಹಾಕಿದ ಕಂಬ ಇವೂ ಒಲೆಗೆ ಸಲ್ಲ. ಔಷಧಿಯಲ್ಲಿ ಆರ್ಸೆನಿಕ್ ಇದ್ದರೆ ಬೂದಿಯೂ ವಿಷವೇ. ಬಿದಿರು ಆಗಬಹುದು, ಆದರೆ ಸೀಳಿಯೇ ಹಾಕಿ. ಗೆಣ್ಣುಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ.

ಒಣಗಿಸುವುದರಲ್ಲಿ ಜನ ಅವಸರ ಮಾಡುತ್ತಾರೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಲೀಟರ್ ನೀರು ಆವಿಯಾಗಿ ಹೋಗಲು ಸುಮಾರು 2.5 ಮೆಗಾಜೌಲ್ ಶಾಖ ಬೇಕು. ಅಷ್ಟು ಶಾಖ ಪಾತ್ರೆಗೆ ಬರದೆ ಹೊಗೆಯ ಜೊತೆ ಹೋಗುತ್ತದೆ. ಉರಿ ತಣ್ಣಗಾಗಿ ಹೊಗೆ ಜಾಸ್ತಿಯಾಗುವುದು ಇನ್ನೊಂದು ನಷ್ಟ. ನೀರಿನ ಪಾಲು 20 ಪರ್ಸೆಂಟಿಗಿಂತ ಕೆಳಗೆ ಇಳಿಯಬೇಕು. ಎಳೆಯ ಉದ್ದಕ್ಕೆ ನೀರು ಹರಿಯುವ ವೇಗ ಅಡ್ಡಕ್ಕೆ ಹರಿಯುವುದಕ್ಕಿಂತ 10ರಿಂದ 15 ಪಟ್ಟು ಜಾಸ್ತಿ. ಅದಕ್ಕೇ ತುಂಡು ಗಿಡ್ಡವಾದಷ್ಟೂ ಬೇಗ ಒಣಗುತ್ತದೆ. ಸೀಳಿದರೆ ತೊಗಟೆಯ ತಡೆಯೂ ಹೋಗುತ್ತದೆ.

ಕಲ್ಲಿನ ಮೇಲೆ ಅಡ್ಡ ಕೋಲು ಇಟ್ಟು ಅದರ ಮೇಲೆ ಒಟ್ಟುತ್ತೇನೆ. ನೆಲಕ್ಕೆ ತಾಗಿದರೆ ಗೆದ್ದಲು ಬಂದೇ ಬರುತ್ತದೆ. ಮೇಲೆ ಮಾತ್ರ ತಗಡು, ಪಕ್ಕ ಎಲ್ಲ ಗಾಳಿಗೆ ಬಿಟ್ಟಿರಬೇಕು. ತುಂಬಾ ಜನ ಟಾರ್ಪಾಲಿನ್‌ನಲ್ಲಿ ಪೂರ್ತಿ ಸುತ್ತಿಡುತ್ತಾರೆ, ಒಳಗೆ ಬೆವತು ಬೂಸ್ಟು ಬರುತ್ತದೆ. ತುದಿಯಲ್ಲಿ ಬಿರುಕು ಕಂಡ ಮಾತ್ರಕ್ಕೆ ಒಣಗಿತು ಅಂದುಕೊಳ್ಳಬೇಡಿ, ತುದಿ ಯಾವಾಗಲೂ ಮೊದಲು ಒಣಗುತ್ತದೆ. ಒಂದು ತುಂಡು ಸೀಳಿ ಒಳಮೈಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ. ನಾನು ಇನ್ನೂ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಒಂದು ತುಂಡಿಗೆ ಗುರುತು ಹಾಕಿ ಆಗಾಗ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಇಳಿಯುವುದು ನಿಂತಾಗ ಆ ಸಾಲು ಒಲೆಗೆ ಬರುತ್ತದೆ.

ಹುಣಸೆ, ಜಾಲಿ ಒಂದು ಸಾಲು. ಸಿಲ್ವರ್ ಓಕ್, ಮಾವು ಇನ್ನೊಂದು ಸಾಲು. ಒಣಗುವ ಕಾಲ ಬೇರೆ ಬೇರೆಯಾದ್ದರಿಂದ ಬೆರೆಸುವುದಿಲ್ಲ. ಒಲೆ ಹೊತ್ತಿಸುವಾಗ ಹಗುರದ ಸಾಲಿನಿಂದ, ಉರಿ ಹಿಡಿದ ಮೇಲೆ ಗಟ್ಟಿ ಸಾಲಿನಿಂದ ತೆಗೆಯುತ್ತೇನೆ. ಸಾಲಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಹಾವು, ಚೇಳಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ.