ಆಟಿಯ ಬೂಷ್ಟಿನಿಂದ ಕಾರಿನ ಒಳಭಾಗವನ್ನು ಉಳಿಸಿಕೊಂಡ ಬಗೆ

ಎರಡು ವರ್ಷಗಳ ಹಿಂದೆ, ತುಳುನಾಡಿನ ಆಟಿ ತಿಂಗಳ ಬಿಡದ ಮಳೆಯಲ್ಲಿ, ಉಡುಪಿಯ ನಮ್ಮ ಮನೆಯಂಗಳದಲ್ಲಿ ಹನ್ನೆರಡು ದಿನ ನಿಂತಿದ್ದ ಕಾರಿನ ಬಾಗಿಲು ತೆರೆದಾಗ ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಸೀಟ್ ಬೆಲ್ಟಿನ ಅಂಚಿನಲ್ಲಿ, ಹಿಂದಿನ ಸೀಟಿನ ಹೊಲಿಗೆಯ ಗೆರೆಗಳಲ್ಲಿ, ಗೇರ್ ಗುಬುಟಿನ ಮೇಲೆ ಬೂದು ಬಣ್ಣದ ಬೂಷ್ಟು ಹಿಡಿದಿತ್ತು. ಸ್ಟಿಯರಿಂಗಿನ ಮೇಲೆ ಮಾತ್ರ ಅದು ಸುತ್ತಲೂ ಹರಡದೆ, ನನ್ನ ಎರಡು ಕೈಗಳು ನಿತ್ಯ ಹಿಡಿಯುವ ಜಾಗಗಳಲ್ಲಷ್ಟೇ ದಪ್ಪಗೆ ಕೂತಿತ್ತು. ಬೆವರು ಮತ್ತು ಚರ್ಮದ ಜಿಡ್ಡು ಎಲ್ಲಿ ಉಳಿದಿತ್ತೋ ಅಲ್ಲೇ ಬೂಷ್ಟಿಗೆ ಆಹಾರ ಸಿಕ್ಕಿತ್ತು.

ಅಂದು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಒದ್ದೆ ಬಟ್ಟೆಯಿಂದ ಒರೆಸಿ, ಸುಗಂಧದ ಡಬ್ಬಿಯೊಂದನ್ನು ತಂದಿಟ್ಟೆ. ಐದೇ ದಿನಗಳಲ್ಲಿ ಬೂಷ್ಟು ಮರಳಿ ಬಂದಿತು. ಆಗ ಕಾರಣ ಹುಡುಕತೊಡಗಿದೆ. ಮಳೆಗಾಲದ ಆರಂಭದಲ್ಲಿ ಕಾರನ್ನು ವಾಟರ್ ಸರ್ವಿಸ್‌ಗೆ ಕೊಟ್ಟಿದ್ದಾಗ, ಅಲ್ಲಿನವರು ಕೆಸರು ಹೋಗಲೆಂದು ಒಳಗಿನ ನೆಲಕ್ಕೂ ಪೈಪು ಹಿಡಿದಿದ್ದರು. ಮೇಲಿನ ಕಾರ್ಪೆಟ್ ಮುಟ್ಟಿದರೆ ಒಣಗಿದಂತೆಯೇ ಇತ್ತು. ಆದರೆ ಹಳೆಯ ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟು ಹಿಮ್ಮಡಿಯಿಂದ ಒಂದು ನಿಮಿಷ ಅದುಮಿದಾಗ ಕಾಗದ ತೊಯ್ದು ಕಪ್ಪಾಯಿತು. ಕಾರ್ಪೆಟ್ಟಿನ ಅಡಿಯಲ್ಲಿರುವ ದಪ್ಪ ಫೋಮ್ ಎಷ್ಟು ನೀರನ್ನು ಕುಡಿದಿರುತ್ತದೆ ಎಂಬುದು ಮೇಲಿನಿಂದ ನೋಡುವವರಿಗೆ ತಿಳಿಯುವುದೇ ಇಲ್ಲ. ಕರಾವಳಿಯ ಮಳೆಗಾಲದ ಗಾಳಿಯಲ್ಲಿ ತೇವಾಂಶ ಸದಾ ತುಂಬಿರುವುದರಿಂದ, ಕಿಟಕಿ ಮುಚ್ಚಿದ ಕಾರಿನೊಳಗಿನ ಆ ನೀರು ತಾನಾಗಿ ಒಣಗುವುದೂ ಇಲ್ಲ. ಇದರ ಜೊತೆಗೆ ಮುಂದಿನ ಗಾಜಿನ ಕೆಳಗೆ, ವೈಪರ್ ಇರುವ ತೊಟ್ಟಿಯಲ್ಲಿ, ಹಲಸಿನ ಎಲೆಗಳು ಕೊಳೆತು ನೀರು ಹೋಗುವ ತೂತನ್ನು ಮುಚ್ಚಿದ್ದವು.

ಆದ್ದರಿಂದ ಶುಚಿಗೊಳಿಸುವ ಮೊದಲು ಒಣಗಿಸುವುದಕ್ಕೆ ಎರಡು ದಿನ ಕೊಟ್ಟೆ. ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯ ಕ್ಲಿಪ್ಪುಗಳನ್ನು ಬಿಡಿಸಿ, ಕಾರ್ಪೆಟ್ಟಿನ ಅಂಚನ್ನು ಎತ್ತಿ, ಅಡಿಯಲ್ಲಿ ಮರದ ತುಂಡುಗಳನ್ನಿಟ್ಟು ಟೇಬಲ್ ಫ್ಯಾನ್ ಹಚ್ಚಿದೆ. ಮುಂದಿನ ಸೀಟುಗಳನ್ನು ಮಾತ್ರ ಬಿಚ್ಚಲಿಲ್ಲ. ಅವುಗಳ ಅಡಿಯಲ್ಲಿರುವ ಹಳದಿ ಬಣ್ಣದ ಕನೆಕ್ಟರು ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದ್ದು, ಅದಕ್ಕೆ ಕೈ ಹಾಕುವುದು ತರಬೇತಾದ ಮೆಕ್ಯಾನಿಕ್‌ನ ಕೆಲಸ. ಮಳೆ ಬಿಡುವು ಕೊಟ್ಟಾಗಲೆಲ್ಲ ಕಾರನ್ನು ಶೆಡ್ಡಿನಿಂದ ಬಯಲಿಗೆ ತಂದು ಅರ್ಧ ಗಂಟೆ ಎ.ಸಿ. ಓಡಿಸಿದೆ, ಏಕೆಂದರೆ ಎ.ಸಿ. ಗಾಳಿಯನ್ನು ತಂಪು ಮಾಡುವಾಗಲೇ ಅದರಲ್ಲಿನ ತೇವವನ್ನೂ ಹಿಂಡಿ ಹೊರಹಾಕುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಿಂದ ಪ್ರಾಣಾಪಾಯವಿದೆ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಒಣಗಿದ ಬೂಷ್ಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಮಾಸ್ಕ್ ಹಾಕಿಕೊಂಡು, ನಾಲ್ಕೂ ಬಾಗಿಲು ತೆರೆದಿಟ್ಟು ಒರೆಸಲು ಕುಳಿತೆ. ಗಟ್ಟಿ ಪ್ಲಾಸ್ಟಿಕ್ ಮತ್ತು ಸೀಟಿನ ಬಟ್ಟೆಗೆ ಔಷಧಿ ಅಂಗಡಿಯಲ್ಲಿ ಸಿಗುವ 70 ಪ್ರತಿಶತದ ಐಸೊಪ್ರೊಪಿಲ್ ಆಲ್ಕೋಹಾಲ್ ಬಳಸಿದೆ. ಇನ್ನೂ ಹೆಚ್ಚು ಸಾಂದ್ರವಾದದ್ದು ಬೇಗ ಆರಿಹೋಗುತ್ತದೆ, 70 ಪ್ರತಿಶತದ್ದು ತನ್ನಲ್ಲಿರುವ ನೀರಿನ ಅಂಶದಿಂದಾಗಿ ಮೇಲ್ಮೈಯ ಮೇಲೆ ನಿಂತು ಕೆಲಸ ಮಾಡುತ್ತದೆ. ತೊಗಲು ಸುತ್ತಿದ ಸ್ಟಿಯರಿಂಗಿಗೆ ಅದನ್ನು ತಾಗಿಸಲಿಲ್ಲ, ತೊಗಲಿನ ಬಣ್ಣ ಏಳುತ್ತದೆ. ಅದಕ್ಕೆ ಒಂದು ಲೀಟರ್ ನೀರಿಗೆ ಒಂದು ಚಮಚ ಸೌಮ್ಯ ದ್ರವ ಸಾಬೂನು ಬೆರೆಸಿ, ನೊರೆಯನ್ನಷ್ಟೇ ಮೃದು ಬ್ರಷ್‌ನಿಂದ ತೆಗೆದು ಉಜ್ಜಿ, ಕೂಡಲೇ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಂಡರೆ ಎಂಟು ಮುಖಗಳು ಸಿಗುತ್ತವೆ. ಒಂದು ಮುಖ ಕೊಳೆಯಾದಂತೆ ಮತ್ತೊಂದಕ್ಕೆ ತಿರುಗಿಸದಿದ್ದರೆ ಬೂಷ್ಟನ್ನು ಒಂದು ಸೀಟಿನಿಂದ ಇನ್ನೊಂದಕ್ಕೆ ನಾವೇ ದಾಟಿಸಿದಂತಾಗುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು, ಹಿಂದೆ ಸರಿಯದಂತೆ ಕ್ಲಿಪ್ ಹಾಕಿ, ಅದೇ ಸಾಬೂನು ನೀರಿನಿಂದ ಒರೆಸಿ, ರಾತ್ರಿಯಿಡೀ ಹಾಗೆಯೇ ಒಣಗಲು ಬಿಟ್ಟೆ. ಬ್ಲೀಚ್ ಬಳಸಿದರೆ ಬೆಲ್ಟಿನ ನೂಲು ದುರ್ಬಲವಾಗುವ ಅಪಾಯವಿದೆ, ಜೀವ ಹಿಡಿದಿಡಬೇಕಾದ ಪಟ್ಟಿಯ ವಿಷಯದಲ್ಲಿ ಅಂಥ ಪ್ರಯೋಗ ಸಲ್ಲದು.

ಬಾಗಿಲಿನ ತಿಳಿ ಬಣ್ಣದ ಬಟ್ಟೆಯ ಮೇಲೆ ಹಿಂದಿನ ಆಯುಧಪೂಜೆಯ ಅರಿಶಿನದ ಬೆರಳಚ್ಚೊಂದು ಉಳಿದಿತ್ತು. ಅದಕ್ಕೆ ಬಟ್ಟೆ ಒಗೆಯುವ ಸಾಬೂನು ಹಚ್ಚಿದ ಕೂಡಲೇ ಹಳದಿ ಹೋಗಿ ಇಟ್ಟಿಗೆಯಂಥ ಕೆಂಪು ಬಣ್ಣ ಎದ್ದಿತು. ಅರಿಶಿನಕ್ಕೆ ಸುಣ್ಣ ಸೇರಿದಾಗ ಕುಂಕುಮವಾಗುವ ಕ್ರಿಯೆಯೇ ಇದು, ಸಾಬೂನಿನ ಕ್ಷಾರದಿಂದ ನಡೆಯುತ್ತದೆ. ಸಾಬೂನನ್ನು ನೀರಿನಿಂದ ತೆಗೆದು, ಆಲ್ಕೋಹಾಲಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಉಜ್ಜದೆ ಒತ್ತಿ ಒತ್ತಿ ತೆಗೆದಾಗ ಹೆಚ್ಚಿನ ಬಣ್ಣ ಆ ಬಿಳಿ ಬಟ್ಟೆಗೆ ಬಂತು. ಉಳಿದ ಮಸುಕನ್ನು ಬಿಸಿಲು ಕೆಲವು ದಿನಗಳಲ್ಲಿ ಅಳಿಸಿತು.

ರಕ್ಷಣೆಯ ವಿಷಯಕ್ಕೆ ಬಂದರೆ, ಡ್ಯಾಶ್‌ಬೋರ್ಡಿಗೆ ಮಿರಿಮಿರಿ ಹೊಳಪು ಕೊಡುವ ಜಿಡ್ಡಿನ ಪಾಲಿಶನ್ನು ನಾನು ಪೂರ್ತಿ ಕೈಬಿಟ್ಟಿದ್ದೇನೆ. ಅದನ್ನು ಹಚ್ಚಿದ್ದ ಕಾಲದಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಧ್ಯಾಹ್ನ ಹೋಗುವಾಗ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಮೂಡಿ ರಸ್ತೆಯನ್ನೇ ಮಸುಕಾಗಿಸುತ್ತಿತ್ತು, ಕೆಮ್ಮಣ್ಣಿನ ಧೂಳೂ ಅಂಟಿಕೊಳ್ಳುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚುವವರನ್ನೂ ನೋಡಿದ್ದೇನೆ, ಅದು ಕ್ರಮೇಣ ಕನರು ವಾಸನೆಗೆ ತಿರುಗುತ್ತದೆ. ಈಗ ಬಳಸುವುದು ಹೊಳಪಿಲ್ಲದ, ನೀರಿನ ಆಧಾರದ, ಅತಿನೇರಳೆ ಕಿರಣ ತಡೆಯುವ ಲೇಪನವನ್ನು. ಸ್ವಿಚ್ಚುಗಳ ಸಂದಿಗೆ ದ್ರವ ಇಳಿಯದಂತೆ ಅದನ್ನು ಮೊದಲು ಬಟ್ಟೆಗೆ ಸಿಂಪಡಿಸಿ ಒರೆಸುತ್ತೇನೆ. ಸ್ಟಿಯರಿಂಗ್ ಮತ್ತು ಪೆಡಲುಗಳಿಗೆ ಯಾವ ಲೇಪನವನ್ನೂ ಹಚ್ಚುವುದಿಲ್ಲ, ಜಾರುತ್ತವೆ. ಸ್ಪರ್ಶಪರದೆಗೆ ಅಮೋನಿಯಾ ಇರುವ ಗಾಜಿನ ದ್ರವ ತಾಗಿಸದೆ ತುಸು ತೇವದ ಬಟ್ಟೆಯಷ್ಟೇ ಸಾಕು. ಬೇಸಿಗೆಯಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿಬಣ್ಣದ ಪರದೆ ಇಡುವುದು ಯಾವ ಲೇಪನಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಗಾಜಿನ ಒಳಮೈಯಲ್ಲಿ ಕಟ್ಟುವ ಮಂಜಿನಂಥ ಪೊರೆಗೆ ಕಾದ ಪ್ಲಾಸ್ಟಿಕ್‌ನಿಂದ ಹೊರಡುವ ಆವಿಯೂ ಒಂದು ಕಾರಣ. ಪರದೆ ಇಟ್ಟ ಮೇಲೆ ಅದು ಬಹಳ ಕಡಿಮೆಯಾಗಿದೆ.

ಮಳೆಗಾಲದಲ್ಲಿ ಬಟ್ಟೆಯ ಮ್ಯಾಟ್ ತೆಗೆದು ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕುತ್ತೇನೆ, ಒದ್ದೆ ಕೊಡೆಯನ್ನು ಬಕೆಟ್ಟಿನಲ್ಲಿ ನಿಲ್ಲಿಸುತ್ತೇನೆ. ಮನೆ ತಲುಪುವ ನಾಲ್ಕೈದು ನಿಮಿಷ ಮೊದಲು ಎ.ಸಿ. ಆರಿಸಿ ಫ್ಯಾನನ್ನು ಮಾತ್ರ ಓಡಿಸುವುದರಿಂದ ಗಾಳಿಯನ್ನು ತಂಪು ಮಾಡುವ ಒಳಗಿನ ಕಾಯಿಲ್ ಒಣಗಿ ವಾಸನೆ ಕಡಿಮೆಯಾಗಿದೆ. ಪ್ರತಿ ಭಾನುವಾರ ನಾಲ್ಕು ಮೂಲೆಗಳಲ್ಲಿ ಮ್ಯಾಟ್ ಎತ್ತಿ ದಿನಪತ್ರಿಕೆ ಇಟ್ಟು ಅದುಮಿ ನೋಡುತ್ತೇನೆ. ಕಳೆದ ವಾರ ಎಡಗಡೆಯ ಮುಂದಿನ ಮೂಲೆಯ ಕಾಗದ ತುಸು ತೇವವಾಗಿತ್ತು. ಕಾರಿನಡಿಗೆ ಬಗ್ಗಿ ನೋಡಿದರೆ ಎ.ಸಿ. ನೀರು ಹೊರಹೋಗುವ ಕೊಳವೆಯ ಬಾಯಿಗೆ ಕೆಸರು ಮೆತ್ತಿತ್ತು. ಅದನ್ನು ಬಿಡಿಸಿದ ಮರುದಿನ ಅದೇ ಮೂಲೆಯಲ್ಲಿಟ್ಟ ಕಾಗದ ಒಣಗಿದಂತೆಯೇ ಎದ್ದು ಬಂತು.