ಕಾರವಾರದ ಸೆಕೆಯಲ್ಲಿ ಮೊದಲ ಫ್ರೆಂಚ್ ರೆಡ್ ವೈನ್

ಹೊರದೇಶದಿಂದ ಬಂದ ನೆಂಟರು ಒಂದು ಬಾಟಲಿ ಕೊಟ್ಟಿದ್ದಾರೆ, ಅದರ ಹೆಸರು ಓದಲೂ ಬರ್ತಿಲ್ಲ ಅಂದುಕೊಳ್ಳಿ. ಲೇಬಲ್ಲಿನಲ್ಲಿ ದ್ರಾಕ್ಷಿ ಯಾವುದು ಅಂತ ಹುಡುಕಬೇಡಿ. ಫ್ರೆಂಚರು ಹೆಚ್ಚಾಗಿ ಹಾಕೋದು ಊರಿನ ಇಲ್ಲವೇ ಸೀಮೆಯ ಹೆಸರು. 'ಅಪೆಲಾಸಿಯೋಂ' (Appellation) ಅಂತ ಶುರುವಾಗುವ ಸಾಲು ನೋಡಿ, ಅದರಲ್ಲಿರುವುದೇ ಆ ಹೆಸರು. ಬೋಜೋಲೆ ಅಂದರೆ ಗಮೇ ದ್ರಾಕ್ಷಿ, ಹಗುರ. ಬರ್ಗಂಡಿಯ ರೆಡ್ ಬಹುತೇಕ ಪಿನೋ ನ್ವಾರ್, ಅದೂ ತೆಳುವೇ. ಬೋರ್ಡೋದಲ್ಲಿ ಕ್ಯಾಬರ್ನೆ ಸೋವಿನ್ಯೋಂ, ಮೆರ್ಲೋ ಬೆರೆಸುತ್ತಾರೆ, ಒಗರು ಜಾಸ್ತಿ. ಮಾದಿರಾನ್ ಅಂತಿದ್ದರೆ ಇನ್ನೂ ಗಡಸು, ಮೊದಲ ಸಲಕ್ಕೆ ಅದು ಬೇಡ.

(ಗೋವಾದಲ್ಲಿ ಅಗ್ಗ ಅಂತ ತರಲು ಹೋಗಿ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳಬೇಡಿ. ಪರವಾನಗಿ ಇಲ್ಲದೆ ತಂದರೆ ಅಬಕಾರಿ ಕೇಸು.)

ಈಗ ಮುಖ್ಯ ವಿಷಯ, ಸೆಕೆ. ರೆಡ್ ವೈನನ್ನು ರೂಮ್ ಟೆಂಪರೇಚರ್‌ನಲ್ಲೇ ಕುಡಿಯಬೇಕು ಅನ್ನುವವರು ತುಂಬಾ ಜನ, ಆದರೆ ಆ ಮಾತು ಹುಟ್ಟಿದ್ದು ಯುರೋಪಿನ ತಂಪು ಮನೆಗಳಲ್ಲಿ, ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಮನೆಯೊಳಗೇ 30 ಡಿಗ್ರಿ ದಾಟಿರುತ್ತದೆ. ಅಷ್ಟು ಬಿಸಿ ವೈನ್ ಸುರಿದರೆ ಮೂಗಿಗೆ ಬರೋದು ಬರೀ ಆಲ್ಕೋಹಾಲ್. ಬೋರ್ಡೋ ಥರದ್ದಕ್ಕೆ 16ರಿಂದ 18 ಡಿಗ್ರಿ, ಬೋಜೋಲೆಗೆ 13 ಡಿಗ್ರಿ ಆಸುಪಾಸು ಸಾಕು. ಫ್ರಿಜ್ಜಿನಲ್ಲಿ ಒಂದು, ಒಂದೂವರೆ ಗಂಟೆ ಇಡಿ. ಕರೆಂಟ್ ಹೋಗಿದ್ದರೆ ಐಸ್ ಹಾಕಿದ ನೀರಿನ ಬಕೆಟ್ಟಿನಲ್ಲಿ ಹತ್ತು ಹದಿನೈದು ನಿಮಿಷ. ಅತಿಯಾಗಿ ತಣ್ಣಗಾದರೆ ಪರಿಮಳ ಅಡಗಿ ಒಗರು ಮಾತ್ರ ಎದ್ದು ಕಾಣುತ್ತದೆ, ಆದರೆ ಅದರ ಚಿಂತೆ ಬೇಡ, ನಮ್ಮ ಹವೆಗೆ ಗ್ಲಾಸಿನಲ್ಲೇ ಬೇಗ ಬಿಸಿಯಾಗುತ್ತದೆ.

ಕಾರ್ಕ್ ಮುರಿದು ಒಳಗೆ ಬಿದ್ದರೆ ಚಹಾ ಸೋಸುವ ಜಾಲರಿಯಲ್ಲಿ ಸೋಸಿ. ತಳದಲ್ಲಿ ಗಸಿ ಇದ್ದರೂ ಕೆಟ್ಟಿಲ್ಲ, ಬಗ್ಗಿಸುವಾಗ ಕೊನೆಯದನ್ನು ಬಿಟ್ಟುಬಿಡಿ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಅದು ಕಾರ್ಕಿನಿಂದ ಬಂದ ದೋಷ, ಎಷ್ಟು ಹೊತ್ತು ಕಾದರೂ ಹೋಗಲ್ಲ.

ಗ್ಲಾಸಿನ ಮೂರನೇ ಒಂದು ಭಾಗ ಹಾಕಿ, ಮೆಲ್ಲಗೆ ತಿರುಗಿಸಿ, ಮೂಸಿ, ಸಣ್ಣ ಗುಟುಕು ತಗೊಳ್ಳಿ. ಬಾಯಿ ಒಣಗಿ ನಾಲಿಗೆ ಎಳೆದಂತಾಗುತ್ತದೆ, ಅಲ್ವಾ? ಅದು ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ ಬೀಜದಿಂದ ಬಂದದ್ದು. ಶಿರಸಿ ಕಡೆಯವರಿಗೆ ಇದು ಹೊಸದಲ್ಲ, ಅಡಿಕೆ ಬೇಯಿಸಿದ ಚೊಗರಿನಲ್ಲಿರುವ ಒಗರೂ ಟ್ಯಾನಿನ್ನಿನದೇ. ಅದಕ್ಕೇ ಮೊದಲ ಗುಟುಕಿಗೆ 'ಛೀ' ಅಂದು ಗ್ಲಾಸ್ ಪಕ್ಕಕ್ಕಿಡಬೇಡಿ. ಅರ್ಧ ಗಂಟೆ ಗಾಳಿಗೆ ಬಿಟ್ಟು ಮತ್ತೆ ನೋಡಿ, ನಡುವೆ ಉಪ್ಪು ಹಾಕಿ ಹುರಿದ ಗೇರುಬೀಜ ತಿನ್ನಿ. ಉಪ್ಪು, ಜಿಡ್ಡು ಸೇರಿದರೆ ಒಗರು ಎಷ್ಟು ಇಳಿಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಊಟದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಬಂಗಡೆ, ತಾರ್ಲೆ ಜೊತೆ ರೆಡ್ ವೈನ್ ಬೇಡವೇ ಬೇಡ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದರೆ ಬಾಯಲ್ಲಿ ಹಸಿ ಮೀನಿನ ವಾಸನೆ ಉಳಿಯುತ್ತದೆ. ಖಾರದ ಆಂಬಟ್ ಜೊತೆಗೂ ಅಷ್ಟೇ, ಮೆಣಸು ಆಲ್ಕೋಹಾಲಿನ ಉರಿಯನ್ನು ಇನ್ನೂ ಏರಿಸುತ್ತದೆ. ಖಾರ ಕಡಿಮೆ ಮಾಡಿದ ಮಟನ್ ಸುಕ್ಕಾ ಒಳ್ಳೆಯ ಜೋಡಿ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ.

ಶೇ. 13ರ 750 ಎಂಎಲ್ ಬಾಟಲಿಯಲ್ಲಿ ಶೇ. 5ರ ಮೂರು ದೊಡ್ಡ ಬಿಯರ್ ಬಾಟಲಿಗಳಷ್ಟು ಆಲ್ಕೋಹಾಲ್ ಇರುತ್ತದೆ. ಕುಡಿದು ಗಾಡಿ ಮುಟ್ಟಬೇಡಿ, ಒಬ್ಬರೇ ಖಾಲಿ ಮಾಡೋದೂ ಬೇಡ. ಉಳಿದದ್ದಕ್ಕೆ ಕಾರ್ಕ್ ಒತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ದಿನ ಬರುತ್ತದೆ, ಆಮೇಲೆ ಹುಳಿ ತಿರುಗಿದ್ದನ್ನು ಮಟನ್ ನೆನೆಸೋಕೆ ಬಳಸಿ.