ಇಂಟರ್‌ವ್ಯೂಗೆ ಹೋಗುವ ಮುಂಚೆ: ಹುಬ್ಬಳ್ಳಿ-ಧಾರವಾಡಕ್ಕೆ ಹೊಸದಾಗಿ ಬಂದವರಿಗೆ

ಮನೆ ಸಿಕ್ಕಿತು, ಮಕ್ಕಳ ಶಾಲೆಯೂ ಆಯಿತು, ಇನ್ನು ಕೆಲಸ. ಇಂಟರ್‌ವ್ಯೂ ಕರೆ ಬಂದ ಕೂಡಲೇ ಮೊದಲು ಜಾಗ ಯಾವುದು ಅಂತ ಸರಿಯಾಗಿ ಕೇಳಿಕೊಳ್ಳಿ. ಗೋಕುಲ ರಸ್ತೆ ಒಂದು ಕಡೆ, ತಾರಿಹಾಳ ಇನ್ನೊಂದು ಕಡೆ, ಬೇಲೂರು ಕೈಗಾರಿಕಾ ಪ್ರದೇಶವಂತೂ ಧಾರವಾಡ ದಾಟಿ ಬೆಳಗಾವಿ ರಸ್ತೆಯಲ್ಲಿದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್, ಎರಡೂ ಊರುಗಳ ನಡುವೆ ಓಡಾಡುವ ಚಿಗರಿ (ಬಿಆರ್‌ಟಿಎಸ್) ಬಸ್ಸಿನಲ್ಲಿ ಆರಾಮಾಗಿ ಹೋಗಬಹುದು. ಬೇಲೂರಿಗಾದರೆ ಧಾರವಾಡದಲ್ಲಿ ಇಳಿದು ಬೇರೆ ಬಸ್ಸು ಇಲ್ಲವೇ ಆಟೋ ಹಿಡಿಯಬೇಕು. ಆಗುವುದಾದರೆ ಹಿಂದಿನ ದಿನವೇ ಹೋಗಿ ಗೇಟ್ ನೋಡಿಕೊಂಡು ಬನ್ನಿ.

ಹೊರಗಿನಿಂದ ಬಂದವರಿಗೆ ಇಲ್ಲಿ ತಪ್ಪದೇ ಬರುವ ಪ್ರಶ್ನೆ ಒಂದಿದೆ: "ಊರು ಬಿಟ್ಟು ಇಲ್ಲಿಗೆ ಯಾಕ ಬಂದ್ರಿ? ಎಷ್ಟು ದಿನ ಇರ್ತೀರಿ?" ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕೆಲಸ ಕಲಿಸಿದ ಮೇಲೆ ಬಿಟ್ಟು ಹೋದರೆ ಏನು ಮಾಡೋದು ಎಂಬ ಚಿಂತೆ ಅವರಿಗೆ. "ಇಲ್ಲೇ ಇರ್ತೀನಿ ಸರ್" ಅಂದಷ್ಟಕ್ಕೆ ಅವರು ನಂಬುವುದಿಲ್ಲ. ನಿಮ್ಮನ್ನು ಇಲ್ಲಿ ಹಿಡಿದಿಟ್ಟಿರುವುದು ಏನು ಅಂತ ಹೇಳಿ: ಮಗಳು ಇಲ್ಲೇ ಶಾಲೆಗೆ ಸೇರಿದ್ದಾಳೆ, ಅತ್ತೆ-ಮಾವ ಜೊತೆಗಿದ್ದಾರೆ, ಮನೆಯವರ ಕೆಲಸ ಇಲ್ಲೇ ಇದೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇರುವುದರಿಂದ ವರ್ಗವಾಗಿ ಬಂದ ಕುಟುಂಬಗಳೂ ನಮ್ಮ ಸಂಘದಲ್ಲಿವೆ. ಮತ್ತೆ ವರ್ಗವಾಗಬಹುದು ಅನಿಸಿದರೆ ಮುಚ್ಚಿಡಬೇಡಿ. ಅಲ್ಲಿಯವರೆಗೆ ಏನು ಮಾಡಿಕೊಡಬಲ್ಲಿರಿ ಅಂತ ಹೇಳಿ. ಹಳೆಯ ಕೆಲಸದ ಬಗ್ಗೆ ದೂರು ಮಾತ್ರ ಬೇಡ.

"ನಿಮ್ಮ ಬಗ್ಗೆ ಹೇಳಿ" ಅಂದಾಗ ಹೆಚ್ಚಿನವರು ತಂದೆಯ ಹೆಸರು, ಊರು, ಹವ್ಯಾಸ ಅಂತ ಶುರು ಮಾಡುತ್ತಾರೆ. ಅದೆಲ್ಲ ಅರ್ಜಿಯಲ್ಲೇ ಇರುತ್ತದೆ, ಅಲ್ವಾ? ನೀವು ಮಾಡಿದ ಕೆಲಸ ಹೇಳಿ. "ಅಕೌಂಟ್ಸ್ ನೋಡ್ತಿದ್ದೆ" ಅನ್ನುವುದಕ್ಕಿಂತ "ದಿನದ ಬಿಲ್ಲುಗಳನ್ನು ಟ್ಯಾಲಿಗೆ ಹಾಕ್ತಿದ್ದೆ, ತಿಂಗಳ ಜಿಎಸ್‌ಟಿ ಲೆಕ್ಕ ತಯಾರು ಮಾಡ್ತಿದ್ದೆ" ಅಂದರೆ ನಿಮಗೆ ಏನು ಬರುತ್ತದೆ ಅಂತ ಅವರಿಗೆ ಗೊತ್ತಾಗುತ್ತದೆ. ಐಟಿಐ ಮುಗಿಸಿದವರು ಯಾವ ಮೆಷಿನ್ ಓಡಿಸಿದ್ದೀರಿ, ಡ್ರಾಯಿಂಗ್ ಓದಲು ಬರುತ್ತದೆಯೇ, ಅದನ್ನು ಹೇಳಿ. ಮಕ್ಕಳಿಗಾಗಿ ಕೆಲಸ ಬಿಟ್ಟಿದ್ದ ತಾಯಂದಿರು ಆ ವರ್ಷಗಳ ಬಗ್ಗೆ ತಲೆ ತಗ್ಗಿಸಬೇಕಿಲ್ಲ. ಯಾಕೆ ಬಿಟ್ಟಿರಿ, ಈಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಎರಡೇ ಮಾತಿನಲ್ಲಿ ಹೇಳಿ ಕೆಲಸದ ವಿಷಯಕ್ಕೆ ಬನ್ನಿ.

ಇದನ್ನೆಲ್ಲ ಮನಸ್ಸಲ್ಲೇ ಅಂದುಕೊಂಡರೆ ಸಾಲದು. ರಾತ್ರಿ ಊಟವಾದ ಮೇಲೆ ಮನೆಯವರ ಮುಂದೆ ಕುಳಿತು ಗಟ್ಟಿಯಾಗಿ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರಿ ಅಂತ ಆಗ ತಿಳಿಯುತ್ತದೆ. ಇಂಗ್ಲಿಷ್ ಪ್ರಶ್ನೆ ಅರ್ಥವಾಗದಿದ್ದರೆ ಸುಮ್ನೆ ತಲೆ ಆಡಿಸಬೇಡಿ, "ಇನ್ನೊಮ್ಮೆ ಹೇಳ್ತೀರಾ ಸರ್" ಅನ್ನಿ.

ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಅನುಭವ ಪತ್ರ: ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಡಿ. ಹಿಂದೆ ಪಿಎಫ್ (ಭವಿಷ್ಯ ನಿಧಿ) ಇದ್ದವರು ಅದರ 12 ಅಂಕಿಯ ಖಾತೆ ಸಂಖ್ಯೆ, ಅಂದರೆ ಯುಎಎನ್, ಬರೆದಿಟ್ಟುಕೊಳ್ಳಿ.

ಸಂಬಳದ ಮಾತು ಬಂದಾಗ ಕೈಗೆ ಎಷ್ಟು ಬರುತ್ತದೆ ಅಂತಲೇ ಕೇಳಿ. ಪಿಎಫ್ ಇದ್ದರೆ ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ 12% ನಿಮ್ಮ ಪಾಲಿನಿಂದ ಕಡಿತವಾಗುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್ಐ (ನೌಕರರ ರಾಜ್ಯ ವಿಮೆ) ಇದೆಯೇ ಅಂತ ಕೇಳಿ, ಮನೆಮಂದಿಯ ಚಿಕಿತ್ಸೆಗೆ ಅದು ದೊಡ್ಡ ಆಸರೆ. ಶಿಫ್ಟ್ ಕೆಲಸವಾದರೆ ರಾತ್ರಿ ಕಂಪನಿ ಬಸ್ಸು ನಿಮ್ಮ ಬಡಾವಣೆಯವರೆಗೆ ಬರುತ್ತದೆಯೇ ಅನ್ನುವುದನ್ನೂ ಅಲ್ಲೇ ಕೇಳಿಬಿಡಿ.

ಕೆಲಸ ಕೊಡಿಸಲು ಡಿಪಾಸಿಟ್, ಯೂನಿಫಾರ್ಮ್ ಅಂತ ಯಾರಾದರೂ ಮುಂಗಡ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಯನ್ನೂ ಬಿಟ್ಟು ಬರಬೇಡಿ. ಅನುಮಾನ ಬಂದರೆ ನಮ್ಮ ಸಂಘದವರಿಗೆ ಒಂದು ಫೋನ್ ಮಾಡಿ, ಆ ಕಂಪನಿ ನಿಜವಾಗಿ ಇದೆಯೇ ಅಂತ ನಾವೇ ಹೋಗಿ ವಿಚಾರಿಸಿ ಹೇಳುತ್ತೇವೆ.